ಗಣಕದ ಗಣಿತಕ್ಕೊಂದು ಉದ್ಯೋಗ

2002ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕಾನ್ಪುರದ ಐ.ಐ.ಟಿ.ಯಿಂದ ಒಂಬತ್ತು ಪುಟಗಳ ಲೇಖನವೊಂದು ಹೊರಬಿದ್ದು, ಜಗತ್ತಿನ ಗಣಿತಜ್ಞರನ್ನು ಬೆರಗುಗೊಳಿಸಿತು. ಬರೆದವರು ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲ್ ಮತ್ತು ಅವರ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಶಿಷ್ಯರಿಬ್ಬರೂ ಅದೇ ವರ್ಷ ಬಿ.ಟೆಕ್. ಮುಗಿಸಿದ್ದ ತರುಣರು!

ಅವರು ಬಿಡಿಸಿದ ಪ್ರಶ್ನೆ ಶಾಲೆಯ ಹುಡುಗನಿಗೂ ಅರ್ಥವಾಗುವಂಥದು: ಕೊಟ್ಟ ಸಂಖ್ಯೆ ಅವಿಭಾಜ್ಯವೋ ಅಲ್ಲವೋ? ಹದಿಮೂರಾದರೆ ಎರಡರಿಂದ, ಮೂರರಿಂದ ಭಾಗಿಸಿ ನೋಡಿದರೆ ಸಾಕು. ನೂರು ಅಂಕಿಗಳ ಸಂಖ್ಯೆಯನ್ನು ಹೀಗೆಯೇ ಪರೀಕ್ಷಿಸಲು ಹೊರಟರೆ, ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೂ ವಿಶ್ವದ ವಯಸ್ಸು ಸಾಲದು. ಹಿಂದೆ ತಿಳಿದಿದ್ದ ಶೀಘ್ರ ವಿಧಾನಗಳಲ್ಲಿ ಒಂದಿಷ್ಟು ಸಂದೇಹ ಉಳಿಯುತ್ತಿತ್ತು, ಇಲ್ಲವೇ ಅವು ಇನ್ನೂ ಸಿದ್ಧವಾಗದ ಊಹೆಯೊಂದನ್ನು ಆಶ್ರಯಿಸಿದ್ದವು. ಶೀಘ್ರವೂ ನಿಸ್ಸಂದೇಹವೂ ಆದ ಕ್ರಮವನ್ನು ಈ ಮೂವರು ತೋರಿಸಿಕೊಟ್ಟರು. ಇಂಥ ಲೆಕ್ಕದ ಕ್ರಮಕ್ಕೇ ಅಲ್ಗಾರಿದಮ್ ಎಂದು ಹೆಸರು. 2006ರಲ್ಲಿ ಅವರಿಗೆ ಗೋಡೆಲ್ ಪಾರಿತೋಷಕ ದೊರೆಯಿತು. ಮುಂದೆ ಕಯಾಲರು ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯಕ್ಕೆ ಬಂದರು. ಸಕ್ಸೇನಾ ಆಮ್‌ಸ್ಟರ್‌ಡ್ಯಾಮ್, ಬಾನ್ ನಗರಗಳಲ್ಲಿದ್ದು ಕಾನ್ಪುರಕ್ಕೇ ಅಧ್ಯಾಪಕರಾಗಿ ಮರಳಿದರು.

ಮಗನೋ ಮಗಳೋ ಇಂಥ ಕೆಲಸವನ್ನೇ ಮಾಡುವೆನೆಂದು ಹಟ ಹಿಡಿದರೆ ಮನೆಯವರು ಕಂಗಾಲಾಗಬೇಕಾಗಿಲ್ಲ. ಬಾಗಿಲುಗಳು ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಐ.ಐ.ಟಿ.ಗಳಿಗೂ ಗೇಟ್ ಪರೀಕ್ಷೆ ಹೆದ್ದಾರಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಚೆನ್ನೈ ಗಣಿತ ಸಂಸ್ಥೆಯೂ ತಮ್ಮದೇ ಪ್ರವೇಶ ಪರೀಕ್ಷೆ ನಡೆಸುತ್ತವೆ. ಇವಲ್ಲದೆ ಹೆಚ್ಚು ಮಂದಿ ಗಮನಿಸದ ಹಿತ್ತಿಲ ಬಾಗಿಲೊಂದಿದೆ: ಸರಕಾರದ ಧನಸಹಾಯ ಪಡೆದ ಪ್ರಾಧ್ಯಾಪಕರು ವರ್ಷವೆರಡು ವರ್ಷದ ಮಟ್ಟಿಗೆ ಯೋಜನಾ ಸಹಾಯಕರನ್ನು ನೇಮಿಸಿಕೊಳ್ಳುವುದುಂಟು. ಡಾಕ್ಟರೇಟಿಗೆ ಧುಮುಕುವ ಮೊದಲು ನೀರಿನ ಆಳ ತಿಳಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಆದರೆ ಒಂದೇ ಪತ್ರವನ್ನು ಐವತ್ತು ಪ್ರಾಧ್ಯಾಪಕರಿಗೆ ಕಳುಹಿಸುವುದು ವ್ಯರ್ಥ. ಮೊದಲ ಸಾಲಿಗೇ ಅದರ ಗುಟ್ಟು ರಟ್ಟಾಗುತ್ತದೆ. ಅವರ ಒಂದು ಪ್ರಬಂಧವನ್ನಾದರೂ ಓದಿ, ತಿಳಿಯದ ಕಡೆ ಪ್ರಶ್ನೆ ಕೇಳಿ ಬರೆದವನಿಗೆ ಉತ್ತರ ಬರುವ ಸಂಭವ ಹೆಚ್ಚು.

ಹಣದ ಮಾತನ್ನು ಮುಚ್ಚಿಡುವುದು ಸರಿಯಲ್ಲ. 2023ರಲ್ಲಿ ಕಿರಿಯ ಸಂಶೋಧಕರ ವೇತನ ತಿಂಗಳಿಗೆ 37,000 ರೂಪಾಯಿಗೆ ಏರಿತು. ಜೊತೆಗೆ ಓದಿದವರು ಸಾಫ್ಟ್‌ವೇರ್ ಕಂಪೆನಿ ಸೇರಿ ಮನೆ ಕೊಳ್ಳುವ ಮಾತಾಡುತ್ತಿರುವಾಗ, ಇವರು ಐದಾರು ವರ್ಷ ಪ್ರಬಂಧ ಬರೆಯುತ್ತ ಕೂರಬೇಕು. ಆಮೇಲೂ ಪರದೇಶದಲ್ಲಿ ಒಂದೆರಡು ತಾತ್ಕಾಲಿಕ ಹುದ್ದೆಗಳ ಅಲೆದಾಟ. ಕಾಯಂ ಕೆಲಸ ಅದರಾಚೆ. ಹೆಣ್ಣುಮಕ್ಕಳಾದರಂತೂ, ಮದುವೆಮನೆಗಳಲ್ಲಿ “ಇನ್ನೂ ಓದುತ್ತಲೇ ಇದ್ದಾಳೆಯೇ?” ಎಂಬ ನೆಂಟರ ಪ್ರಶ್ನೆಯನ್ನೂ ಸಹಿಸಬೇಕು. ತಾಯ್ತಂದೆಗಳ ಬೆಂಬಲ ನಿಜವಾಗಿ ಬೇಕಾಗುವುದು ಆ ಘಳಿಗೆಯಲ್ಲೇ.

ಸಂದರ್ಶನದ ಕೋಣೆಯಲ್ಲಿ ಕರಿಹಲಗೆಯ ಮುಂದೆ ನಿಲ್ಲಿಸಿ ಸೀಮೆಸುಣ್ಣ ಕೈಗೆ ಕೊಡುತ್ತಾರೆ. ಉತ್ತರ ಹೊಳೆಯದಿದ್ದರೆ ಗಾಬರಿಯಾಗಬಾರದು. ಸಣ್ಣದೊಂದು ಉದಾಹರಣೆ ಬರೆದು, ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಹೋದರೆ, ಎದುರು ಕುಳಿತವರೇ ಒಂದು ಸುಳುಹು ಕೊಟ್ಟಾರು. ಅದನ್ನು ಹಿಡಿದು ಅಭ್ಯರ್ಥಿ ಎಲ್ಲಿಯವರೆಗೆ ಹೋಗುತ್ತಾನೆಂಬುದರ ಮೇಲೆಯೇ ಅವರ ಕಣ್ಣು.