ಕಡತದ ದಾರಿ: ಕಾರ್ಯಗತಿಯ ಯಂತ್ರವನ್ನು ಆರಿಸುವ ವಿಚಾರ

ಕಚೇರಿಗೆ ಬಂದ ಅರ್ಜಿಯು ಒಬ್ಬ ಅಧಿಕಾರಿಯಿಂದ ಮತ್ತೊಬ್ಬರ ಬಳಿಗೆ ಯಾವ ಕ್ರಮದಲ್ಲಿ ಸಾಗಬೇಕೆಂಬುದನ್ನು ನೋಡಿಕೊಳ್ಳುವ ಗಣಕ ತಂತ್ರಾಂಶಕ್ಕೆ ‘ವರ್ಕ್‌ಫ್ಲೋ ಎಂಜಿನ್’ ಎಂದು ಹೆಸರು. ಇದನ್ನು ಕಾರ್ಯಗತಿಯ ಯಂತ್ರವೆನ್ನೋಣ. ಅಂತರಜಾಲದ ಮೂಲಕ ನಡೆಯುವ ಸೇವೆಯಲ್ಲಿ ಆ ಕ್ರಮವನ್ನು ಕಚೇರಿಗಳೇ ರೂಪಿಸಿಕೊಳ್ಳುವಂತಿದ್ದರೆ ಎಂಥ ಯಂತ್ರವನ್ನು ಆರಿಸತಕ್ಕದ್ದು? ಪ್ರಶ್ನೆ ತಂತ್ರಜ್ಞರದಾದರೂ ಇದರ ಉತ್ತರಕ್ಕೆ ಆಡಳಿತದ ಇತಿಹಾಸವೂ ಸಹಾಯಕವಾಗಬಲ್ಲುದು.

ಜಮೀನಿನ ಹಕ್ಕು ಬದಲಾವಣೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. 1964ರ ಭೂಕಂದಾಯ ಅಧಿನಿಯಮದ ಪ್ರಕಾರ ಮೊದಲು ವರದಿ, ಬಳಿಕ ವಹಿಯಲ್ಲಿ ನಮೂದು, ತರುವಾಯ ನೋಟೀಸು, ಆಕ್ಷೇಪಣೆಗೆ ಅವಧಿ, ಕೊನೆಯಲ್ಲಿ ದೃಢೀಕರಣ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದು, ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವ ಕ್ರಮವನ್ನು ಹಾಕಿಕೊಟ್ಟಿತು.

ಆದರೆ ಕಚೇರಿಗಳ ಎಲ್ಲೆಗಳು ಸ್ಥಿರವಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. 2017ರ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ, ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿಯೂ ಒಂದು. ‘ಹೊನ್ನಾಳಿಯ ತಹಸೀಲ್ದಾರರಿಗೆ ಕಳುಹಿಸು’ ಎಂದು ಬರೆದಿಟ್ಟ ವಿಧಿಯು ಅಂದೇ ನಿರುಪಯುಕ್ತವಾಗುತ್ತದೆ. ‘ಗ್ರಾಮವು ಸೇರಿದ ತಾಲ್ಲೂಕಿನ ತಹಸೀಲ್ದಾರರಿಗೆ’ ಎಂಬ ವಿಧಿ ಉಳಿಯುತ್ತದೆ.

ಯಂತ್ರಗಳಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ಕ್ರಮವನ್ನು ಪ್ರೋಗ್ರಾಮಿನ ಭಾಷೆಯಲ್ಲಿಯೇ ಬರೆಯುತ್ತಾರೆ. ಟೆಂಪೊರಲ್ ಎಂಬುದು ಈ ವರ್ಗದ್ದು. ನಡುವೆ ಯಂತ್ರ ಕೆಟ್ಟರೂ ಕೆಲಸ ನಿಂತಲ್ಲಿಂದ ಮುಂದುವರಿಯುವುದು ಇದರ ಗುಣ. ಪ್ರತಿ ತಿದ್ದುಪಡಿಗೂ ಪ್ರೋಗ್ರಾಮು ಬರೆಯುವವರನ್ನು ಕಾಯಬೇಕಾದುದು ದೋಷ. ಎರಡನೆಯದರಲ್ಲಿ ಹಂತ, ಕ್ರಿಯೆ, ಅಧಿಕಾರಿಯ ಪಾತ್ರ ಇವು ಕೋಷ್ಟಕದಲ್ಲಿ ದತ್ತಾಂಶವಾಗಿರುತ್ತವೆ. ಬೆಂಗಳೂರಿನ ಇ-ಗವರ್ನಮೆಂಟ್ಸ್ ಫೌಂಡೇಷನ್ನಿನ ‘ಡಿಜಿಟ್’ ಈ ಮಾರ್ಗವನ್ನು ಹಿಡಿದಿದೆ. ಮೂರನೆಯದು ಕಮುಂಡಾ, ಫ್ಲೋಯಬಲ್ ಮೊದಲಾದ ಪೂರ್ಣಯಂತ್ರಗಳು. ಇವು 2011ರಲ್ಲಿ ಪ್ರಕಟವಾದ ಬಿಪಿಎಂಎನ್ 2.0 ಎಂಬ ಚಿತ್ರಸಂಕೇತಗಳನ್ನು ಅನುಸರಿಸುತ್ತವೆ. ಏಕಕಾಲದ ಕವಲುಗಳು, ಗಡುವುಗಳು ಇವಕ್ಕೆ ಸುಲಭ. ಆದರೆ ನಿರ್ವಹಣೆಯ ಭಾರ ಹೆಚ್ಚು, ಚಿತ್ರಗಳು ಗುಮಾಸ್ತರಿಗೆ ದುರ್ಬೋಧ.

ಇಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದುಂಟು. ನಿಯಮ ಬದಲಾದ ದಿನ ಅರ್ಧ ದಾರಿಯಲ್ಲಿರುವ ಕಡತಗಳ ಗತಿ ಏನು? ಹೊಸ ತಾಲ್ಲೂಕು ಹುಟ್ಟಿದರೆ ಅವೆಲ್ಲವೂ ಹೊಸ ಕಚೇರಿಗೆ ಹೋಗತಕ್ಕವು. ಆಕ್ಷೇಪಣೆಯ ಅವಧಿ 30 ದಿನದಿಂದ ಕಡಿಮೆಯಾಯಿತೆಂದು ಭಾವಿಸಿದರೆ ಮಾತು ಬೇರೆ: 30 ದಿನದ ನೋಟೀಸನ್ನು ನಂಬಿದ ರೈತನು ಇಪ್ಪತ್ತನೆಯ ದಿನ ಬಂದಾಗ ಬಾಗಿಲು ಮುಚ್ಚಿರಕೂಡದು. ಆದಕಾರಣ ಯಂತ್ರವು ಕ್ರಮದ ಪ್ರತಿಯೊಂದು ಆವೃತ್ತಿಯನ್ನೂ ಕಾಪಾಡಬೇಕು; ಹಳೆಯ ಕಡತ ಹಳೆಯ ಕ್ರಮದಲ್ಲಿಯೇ ಮುಗಿಯಲು ಅವಕಾಶವಿರಬೇಕು; ಕಡತವನ್ನು ಹೊಸ ಕ್ರಮಕ್ಕೆ ದಾಟಿಸಿದರೆ ಯಾರ ಆದೇಶದಿಂದ, ಯಾವ ದಿನ ಎಂಬುದು ದಾಖಲಾಗಬೇಕು. ಶಾಸನವು ವಿಧಿಸಿದ ಹಂತಗಳನ್ನಂತೂ ಕಚೇರಿಯವರು ಅಳಿಸುವಂತಿರಬಾರದು.

ಕ್ರಮವು ಸರಳರೇಖೆಯಲ್ಲಿ ಸಾಗುವುದಾದರೆ ಕೋಷ್ಟಕವೇ ಸಾಕು. ಕವಲುಗಳೂ ಗಡುವುಗಳೂ ಹೆಚ್ಚಾದಲ್ಲಿ ಪೂರ್ಣಯಂತ್ರ ಯುಕ್ತ. ಎರಡರಲ್ಲಿ ಯಾವುದನ್ನು ಆರಿಸಿದರೂ, ಮುಂದೆ ವ್ಯಾಜ್ಯ ಹುಟ್ಟಿದಾಗ ‘ಈ ನಿರ್ಣಯ ಯಾವ ನಿಯಮದ ಮೇಲೆ ಆಯಿತು?’ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಬಲ್ಲುದಾಗಿರಬೇಕು.