ಮದ್ದಿನ ಅಳತೆ, ಕಾಲದ ಅಳತೆ

ಛಂದಸ್ಸಿನಲ್ಲಿ ಮಾತ್ರೆಯೆಂದರೆ ಉಚ್ಚಾರಣೆಗೆ ತಗಲುವ ಕಾಲದ ಅಳತೆ. ಔಷಧದ ಅಂಗಡಿಯಲ್ಲಿ ಅದೇ ಮಾತು ಗುಳಿಗೆಗೆ ಸಲ್ಲುತ್ತದೆ. ಮದ್ದನ್ನೂ ಕಾಲವನ್ನೂ ಕೂಡಿಸಿ ಅಳೆಯುವ ಲೆಕ್ಕವೊಂದು ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ. ಅದನ್ನು ಮದ್ದಿನ ತೀವ್ರತೆ ಎನ್ನೋಣ.

ಲಿಂಫೋಮಾ ಎಂಬುದು ಬಿಳಿಯ ರಕ್ತಕಣಗಳಲ್ಲಿ ಒಂದು ಬಗೆಯವು ಮಿತಿಮೀರಿ ಬೆಳೆಯುವುದರಿಂದ ಬರುವ ಕ್ಯಾನ್ಸರು. ಕುತ್ತಿಗೆ, ಕಂಕುಳುಗಳ ಗ್ರಂಥಿಗಳು ಊದಿಕೊಳ್ಳುವುದು ಅದರ ಸಾಮಾನ್ಯ ಲಕ್ಷಣ. ಬೇಗ ಹಬ್ಬುವ ಒಂದು ಬಗೆಯ ಲಿಂಫೋಮಾಕ್ಕೆ ಆರ್-ಚಾಪ್ ಎಂಬ ಐದು ಮದ್ದುಗಳ ಕೂಟವನ್ನು 21 ದಿನಗಳಿಗೊಮ್ಮೆ, ಹೆಚ್ಚಾಗಿ ಆರು ಸಲ ಕೊಡುವುದು ವಾಡಿಕೆ. ಅವುಗಳಲ್ಲಿ ಡಾಕ್ಸೊರುಬಿಸಿನ್ ಒಂದನ್ನೇ ನೋಡಿ. ದೇಹದ ಮೇಲ್ಮೈಯ ಚದರ ಮೀಟರಿಗೆ ಅದರ ಪ್ರಮಾಣ 50 ಮಿಲಿಗ್ರಾಂ. 162 ಸೆಂಟಿಮೀಟರ್ ಎತ್ತರ, 50 ಕಿಲೋ ತೂಕದವರ ಮೇಲ್ಮೈ ಸುಮಾರು 1.5 ಚದರ ಮೀಟರು. ಅವರಿಗೆ ಸಲಕ್ಕೆ 75 ಮಿಲಿಗ್ರಾಂ.

ಲೆಕ್ಕ ಇಲ್ಲಿಗೆ ಮುಗಿಯದು. ವಾರಕ್ಕೆ ಎಷ್ಟು ಮದ್ದು ಸಂದಿತೆಂದು ನೋಡಬೇಕೆಂಬ ವಿಚಾರವನ್ನು ಹ್ರಿನಿಯಕ್ ಮತ್ತು ಬುಷ್ ಎಂಬವರು 1984ರಲ್ಲಿ, ಸ್ತನದ ಕ್ಯಾನ್ಸರನ್ನು ಕುರಿತ ಲೇಖನದಲ್ಲಿ ಎತ್ತಿ ಹೇಳಿದರು. ನಮ್ಮ ಉದಾಹರಣೆಯಲ್ಲಿ ಚದರ ಮೀಟರಿಗೆ ಒಟ್ಟು 300 ಮಿಲಿಗ್ರಾಂ, 18 ವಾರ. ಎಂದರೆ ವಾರಕ್ಕೆ 16.7. ಅದೇ 300ಕ್ಕೆ 21 ವಾರ ಹಿಡಿದರೆ ವಾರಕ್ಕೆ 14.3 ಮಾತ್ರ, ಗೊತ್ತುಮಾಡಿದ್ದರ ಶೇಕಡಾ 86. ಒಂದು ಹನಿಯೂ ಕಡಿಮೆಯಾಗಿಲ್ಲ, ಆದರೂ ತೀವ್ರತೆ ಕುಂದಿತು! ಜೊತೆಗೆ ಪ್ರತಿಸಲವೂ ಐದರಲ್ಲೊಂದು ಪಾಲು ತಗ್ಗಿಸಿದರೆ ಶೇಕಡಾ 69ಕ್ಕೆ ಇಳಿಯುತ್ತದೆ. 85ರ ಕೆಳಗಿಳಿದರೆ ಫಲ ಕುಗ್ಗಬಹುದೆಂದು ಹಲವು ಅಧ್ಯಯನಗಳು ಸೂಚಿಸಿವೆ. ಕಾರಣ ಸ್ಪಷ್ಟ: ಎರಡು ಸಲಗಳ ನಡುವಣ ಬಿಡುವಿನಲ್ಲಿ ಆರೋಗ್ಯದ ಕಣಗಳು ಚೇತರಿಸಿಕೊಳ್ಳುವಂತೆ, ಅಳಿದುಳಿದ ರೋಗದ ಕಣಗಳೂ ಮತ್ತೆ ಬೆಳೆಯುತ್ತವೆ.

ಹಾಗೆಂದು ಮದ್ದು ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ಹಳೆಯ ಚಾಪ್ ಕ್ರಮವನ್ನು ಅದಕ್ಕಿಂತ ಉಗ್ರವಾದ ಮೂರು ಕ್ರಮಗಳೊಡನೆ ಹೋಲಿಸಿದ, 1993ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, ಉಗ್ರವಾದವುಗಳಿಂದ ರೋಗಿಗಳು ಹೆಚ್ಚು ಕಾಲ ಬದುಕಲಿಲ್ಲ. ಬಿಳಿಯ ಕಣಗಳು ತೀರ ಇಳಿದಾಗ, ವೃದ್ಧಾಪ್ಯದಲ್ಲಿ, ಹೃದಯ ದುರ್ಬಲವಾಗಿದ್ದಾಗ ವೈದ್ಯರೇ ಪ್ರಮಾಣ ತಗ್ಗಿಸಬಹುದು, ದಿನ ಮುಂದೂಡಬಹುದು, ಅದರಿಂದ ಎದೆಗುಂದಬೇಡಿ. ಆ ಕಣಗಳನ್ನು ಬೇಗ ಹೆಚ್ಚಿಸುವ ಚುಚ್ಚುಮದ್ದೂ ಈಗ ಉಂಟು.

ನಿಮ್ಮ ಮನೆಯಲ್ಲಿ ಇಂಥ ರೋಗಿಯಿದ್ದರೆ ನಿಮ್ಮಿಂದಾಗುವ ಕೆಲಸ ಎರಡು. ಹಬ್ಬ, ಮದುವೆ, ಪ್ರಯಾಣಗಳಿಗಾಗಿ ಚಿಕಿತ್ಸೆಯ ದಿನವನ್ನು ನೀವಾಗಿ ಮುಂದೂಡಬೇಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ತಿಳಿಸಿ. ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಟ್ಟ ಆ ದಿನವೂ ಮದ್ದಿನ ಒಂದು ಭಾಗವೇ.