ನಿಮಗಿದು ಗೊತ್ತೆ? ಭದ್ರೆಯ ಹಿನ್ನೀರಿನ ನಡುಗಡ್ಡೆಗಳು
ನಡುಗಡ್ಡೆ ನೋಡಲು ನರಸಿಂಹರಾಜಪುರದವರು ಕಡಲಿಗೇ ಹೋಗಬೇಕಿಲ್ಲ. 1960ರ ದಶಕದಲ್ಲಿ ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟು ಎದ್ದಾಗ ಹಿನ್ನೀರು ಈ ಊರಿನ ಅಂಚಿನವರೆಗೂ ಹಬ್ಬಿತು. ಮುಳುಗದೆ ಉಳಿದ ಗುಡ್ಡಗಳ ನೆತ್ತಿಗಳೇ ನಡುಗಡ್ಡೆಗಳಾದವು. ಬೇಸಿಗೆಯಲ್ಲಿ ನೀರು ಇಳಿದಂತೆ ಇನ್ನಷ್ಟು ಬರಿನೆಲ ಮೇಲೇಳುತ್ತದೆ. ಹಳದಿ ಕೊಕ್ಕಿನ, ಕರಿನೆತ್ತಿಯ ನದಿ ರೀವ ಎಂಬ ಹಕ್ಕಿಗಳು ಮೊಟ್ಟೆಯಿಡಲು ಅಲ್ಲಿಗೆ ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಇವಕ್ಕೆ ಹುಲ್ಲು, ಕಡ್ಡಿಯ ಗೂಡು ಬೇಡ. ನೆಲದ ಸಣ್ಣ ತಗ್ಗೇ ಮೊಟ್ಟೆಗಳಿಗೆ ತೊಟ್ಟಿಲು. ಬಿಸಿಲು ಏರಿದಾಗ ಕಾವು ಕೊಡುವ ಹಕ್ಕಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ಎಂಥ ಜಾಣ್ಮೆ! ದೋಣಿ ತೀರಾ ಹತ್ತಿರ ಬಂದರೆ ಹಕ್ಕಿಗಳು ಗಾಬರಿಯಿಂದ ಹಾರಿಬಿಡುತ್ತವೆ. ಮೊಟ್ಟೆಗಳು ಬಿಸಿಲಿಗೂ ಕಾಗೆಗಳಿಗೂ ಸಿಕ್ಕಿಬೀಳುತ್ತವೆ. ಹಾಗಾಗಿ ದೋಣಿಯನ್ನು ದೂರದಲ್ಲೇ ನಿಲ್ಲಿಸಿ, ದುರ್ಬೀನಿನಲ್ಲಿ ನೋಡಬೇಕು.